ಕಸ್ತೂರಿಯ ಮಾಮೂಲಿ ವಾರ

ಕಸ್ತೂರಿಗೆ ಮೂರನೆಯ ಸಲ ಫಿಟ್ಸ್ ಬಂದದ್ದು ಹಾಡುಹಗಲು ಹನ್ನೊಂದು ಗಂಟೆಗೆ, ಉರಿಯುವ ಒಲೆಯ ಮುಂದೆ, ಹಂಚಿನ ಮೇಲೆ ರೊಟ್ಟಿ ಇದ್ದಾಗ. ಕಣ್ಣು ಬಿಟ್ಟರೆ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ಅವಳ ರೊಟ್ಟಿ ಕೇಂದ್ರದಲ್ಲಿ ಕೆಲಸ ಮಾಡುವ ನಾಲ್ವರು ಹೆಂಗಸರು ಸುತ್ತ ಕುಳಿತು ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ ಹಿಡಿದಿದ್ದರು. ಉಳ್ಳಾಗಡ್ಡಿಯಿಂದ ಫಿಟ್ಸ್ ನಿಲ್ಲುವುದಿಲ್ಲವೆಂದು ಅವರಿಗೆ ಹತ್ತಾರು ಸಲ ಹೇಳಿದ್ದಳು. ಯಾರು ಕೇಳಬೇಕು?

ಸುದ್ದಿ ತಿಳಿದು ಗಂಡ ಶಿವಯೋಗಿ ಓಡಿ ಬಂದ. ನರಗುಂದದ ಹೈಸ್ಕೂಲಿನಲ್ಲಿ ಕ್ಲರ್ಕ್. ಬಂದವನು ಸುಟ್ಟ ಕೈ ನೋಡುವ ಮೊದಲು ಬಾಯಿ ತೆರೆದ.

"ಮುಂಜಾನಿ ಒದರಾಡಬ್ಯಾಡ ಅಂದಿದ್ನೋ ಇಲ್ಲೋ? ಮದ್ದಿನ ಸಿಟ್ಟು ಅದು. ಡಾಕ್ಟರು ಹೇಳ್ಯಾರ."

ಮುಂಜಾನೆ ಅವಳು ಒದರಾಡಿದ್ದು ನಿಜ. ಕಾರಣವನ್ನೂ ಕೇಳಿ. ಈ ಶಿವಯೋಗಿ ಊರಿಗೆಲ್ಲ ದೊಡ್ಡ ಮನಸ್ಸಿನ ಮನುಷ್ಯ. ಯಾರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಮಠದಲ್ಲಿ ದಾಸೋಹವಾಗಲಿ, "ರೊಟ್ಟಿ ಚಿಂತಿ ಬಿಡ್ರಿ, ನಮ್ಮ ಮನ್ಯಾಗ ಬಡದು ಕೊಡ್ತಾಳ" ಎಂದು ಹೇಳಿ ಬರುವುದು ಅವನ ಚಟ. ಕೊಡುವವನು ಅವನು, ಬಡಿಯುವ ತೋಳು ಅವಳದು. ಕೇಳುವ ಪದ್ಧತಿಯೇ ಇಲ್ಲ. ಆ ದಿನವೂ ಚಾ ಕುಡಿಯುತ್ತ, ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ, ಬರುವ ವಾರ ಕಾಕಾನ ಮಗನ ಮನೆಗೆ ಮುನ್ನೂರು ರೊಟ್ಟಿ ಆಗಬೇಕು ಎಂದಿದ್ದ. ಕಸ್ತೂರಿ ಕೂಗಿದಳು. ಅತ್ತೆ ಬಾಳವ್ವ ಮೂಲೆಯಲ್ಲಿ ಕುಳಿತು ಮೊಬೈಲಿನ ಕೆಂಪು ಗುಂಡಿ ಒತ್ತಿದಳು.

ಆ ಗುಂಡಿಯ ಕಥೆ ಹೇಳಬೇಕು.

ವಿರಮಾಲ್ ಎಂಬ ಮದ್ದು ಬಂದು ಆಗ್ಗೆ ಮೂರು ವರ್ಷ. ಫಿಟ್ಸ್ ನಿಲ್ಲಿಸುವುದರಲ್ಲಿ ಅದನ್ನು ಮೀರಿಸಿದ್ದು ಇರಲಿಲ್ಲ. ಆದರೆ ಏಳು ಜನರಲ್ಲಿ ಒಬ್ಬರಿಗೆ ಅದು ಕಾರಣವಿಲ್ಲದ ಸಿಟ್ಟು ತರಿಸುತ್ತಿತ್ತು. ಜನ್ಮದಲ್ಲಿ ದನಿ ಏರಿಸದವರು ತಟ್ಟೆ ಎಸೆದರು, ಮಕ್ಕಳ ಮೇಲೆ ಕೈ ಮಾಡಿದರು. ಅದಕ್ಕಾಗಿ ಮದ್ದಿನ ಜೊತೆ ಒಂದು ಬಿಲ್ಲೆ ಬಂತು. ರೂಪಾಯಿ ನಾಣ್ಯದ ಅಗಲ, ಕಿವಿಯ ಹಿಂದೆ ಚರ್ಮಕ್ಕೆ ಅಂಟಿಸುವುದು. ಕೂದಲಿಗಿಂತ ಸಣ್ಣ ಸೂಜಿಯಿಂದ ಹಗಲೂ ಇರುಳೂ ಮದ್ದು ಒಳಗೆ ಬಿಡುತ್ತದೆ. ಜೊತೆಗೆ ನಾಡಿ, ಬೆವರು, ದನಿ ಮೂರನ್ನೂ ಗಮನಿಸುತ್ತದೆ. ಸಿಟ್ಟು ಆ ಮನುಷ್ಯನ ಮಾಮೂಲಿ ಅಳತೆ ದಾಟಿತೋ, ಇದು ಮದ್ದಿನ ಅಡ್ಡಪರಿಣಾಮ ಎಂದು ತಿಳಿದು ಮದ್ದನ್ನು ಅರ್ಧಕ್ಕೆ ಇಳಿಸುತ್ತದೆ. ಮನೆಯವರಿಗೆ ಮೊಬೈಲಿನಲ್ಲಿ ಒಂದು ಕೆಂಪು ಗುಂಡಿ. ಅವರಿಗೆ ಸಿಟ್ಟು ಕಂಡರೆ ಅವರೂ ಒತ್ತಿ ಮದ್ದು ಇಳಿಸಬಹುದು. ಮಾಮೂಲಿ ಅಳತೆ ಎಷ್ಟು ಎಂದು ತಿಳಿಯಲು, ಮದ್ದು ಶುರು ಮಾಡುವ ಮುನ್ನ ಏಳು ದಿನ ಬಿಲ್ಲೆ ಬರಿದೇ ಕಿವಿಯ ಹಿಂದೆ ಕುಳಿತು ಕೇಳಿಸಿಕೊಳ್ಳುತ್ತದೆ. ಅದಕ್ಕೆ ಮಾಮೂಲಿ ವಾರ ಎನ್ನುತ್ತಾರೆ.

ಕಸ್ತೂರಿ ದಡ್ಡಿಯಲ್ಲ. ಮದ್ದು ಶುರುವಾದ ಮೇಲೆ ಬಂದ ಮೂರು ಸಲವೂ ಜಗಳ ಮೊದಲು, ಫಿಟ್ಸ್ ಆಮೇಲೆ. ಸಿಟ್ಟು ಬಂದರೆ ಮದ್ದು ಕಡಿಮೆ. ಮದ್ದು ಕಡಿಮೆಯಾದರೆ ಫಿಟ್ಸ್. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಮರುದಿನ ಒಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿದಳು.

*

ಮೂರ್ಛೆ ಕಾವಲು ಕೇಂದ್ರದ ದೊಡ್ಡ ಕೋಣೆಯಲ್ಲಿ ಗೋಡೆ ತುಂಬ ಪರದೆ. ಏಳು ಜಿಲ್ಲೆಯ ನಾಲ್ಕು ಸಾವಿರ ಬಿಲ್ಲೆಗಳು ಅದರ ಮೇಲೆ ಹಸಿರು ಚುಕ್ಕೆಗಳಾಗಿದ್ದವು. ಅಲ್ಲಲ್ಲಿ ಒಂದು ಕೆಂಪಾಗುತ್ತಿತ್ತು, ಮತ್ತೆ ಹಸಿರಾಗುತ್ತಿತ್ತು. ಪ್ರತಿ ಕೆಂಪಿಗೂ ಎಲ್ಲೋ ಒಬ್ಬರ ಮದ್ದು ಅರ್ಧಕ್ಕೆ ಇಳಿಯುತ್ತಿತ್ತು. ಎ.ಸಿ. ಹಾಯಾಗಿ ಬೀಸುತ್ತಿತ್ತು.

ಡಾಕ್ಟರ್ ಹಂಪಿಹೊಳಿ ಅವಳ ಕೈ ನೋಡಿ ಲೊಚಗುಟ್ಟಿದರು. ಆಮೇಲೆ ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಶುರು ಮಾಡಿದರು.

"ನೋಡ್ರಿ ತಾಯಿ, ಇದು ನಿಮ್ಮ ಸಿಟ್ಟಲ್ಲ. ಮದ್ದಿನ ಸಿಟ್ಟು. ನೀವು ಒಳ್ಳೆಯವರ ಅದೀರಿ."

"ನಾ ಒಳ್ಳೆಯಾಕಿ ಅಂತ ನಾ ಎಲ್ಲಿ ಹೇಳೇನ್ರಿ? ಮುನ್ನೂರು ರೊಟ್ಟಿ ಬಡಿ ಅಂದ್ರ ಸಿಟ್ಟು ಬರಂಗಿಲ್ಲೇನ್ರಿ?"

"ಅದ ನೋಡ್ರಿ, ಈಗೂ ದನಿ ಏರಿತು." ಡಾಕ್ಟರು ಪರದೆಯ ಕಡೆ ಕಣ್ಣು ಹಾಯಿಸಿದರು. ಒಂದು ಚುಕ್ಕೆ ಕೆಂಪಾಗಿತ್ತು. "ವಿರಮಾಲ್ ನಿಮಗ ಒಗ್ಗಂಗಿಲ್ಲ. ಶಮನಿ ಅಂತ ಇನ್ನೊಂದು ಮದ್ದೈತಿ, ಅದಕ್ಕ ಬದಲಿ ಮಾಡೋಣ. ನಿಮ್ಮ ಮನಿಯವರು ಆಗ್ಲೇ ಸಹಿ ಮಾಡಿ ಕಳಿಸ್ಯಾರ."

ಶಮನಿ ತಗೊಂಡವರನ್ನು ಕಸ್ತೂರಿ ಕಂಡಿದ್ದಳು. ಅವರ ಓಣಿಯಲ್ಲೇ ನಿವೃತ್ತ ಮಾಸ್ತರರ ಹೆಂಡತಿ ಸುಗಂಧಾಬಾಯಿ ಇದ್ದಳು. ಫಿಟ್ಸ್ ಇಲ್ಲ, ಸಿಟ್ಟಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದು ತಳ ಹತ್ತಿ ಕಮರಿದರೂ ಅಲ್ಲೇ ಮಣೆಯ ಮೇಲೆ ಕುಳಿತು ನೋಡುತ್ತಿರುತ್ತಿದ್ದಳು. ಮೊಮ್ಮಗಳು ಬಿದ್ದು ಮಂಡಿ ಒಡೆದುಕೊಂಡಾಗಲೂ ಹಾಗೆಯೇ ನೋಡಿದಳು. ಮನೆಯವರು ಬಹಳ ಸಮಾಧಾನದಲ್ಲಿದ್ದರು.

"ನನಗ ಶಮನಿ ಬ್ಯಾಡ್ರಿ" ಎಂದಳು. ಡಾಕ್ಟರು ಅಷ್ಟರಲ್ಲಿ ಇನ್ನೊಬ್ಬರ ಫೈಲು ತೆರೆದಿದ್ದರು.

ಪರದೆಯ ಮುಂದೆ ಕೂರುವ ತಂತ್ರಜ್ಞೆ ಫರ್ಜಾನಾ ಅವಳನ್ನು ಹೊರಗೆ ಬಿಡಲು ಬಂದಳು. ಇಪ್ಪತ್ತಾರರ ಹುಡುಗಿ, ಕಣ್ಣ ಕೆಳಗೆ ಕಪ್ಪು. ಬಾಗಿಲ ಬಳಿ ನಿಂತು, "ಅಕ್ಕಾರ, ನಿಮ್ಮ ಪಟ್ಟಿ ನೋಡ್ತೀರೇನು?" ಎಂದು ತನ್ನ ಮೇಜಿಗೆ ಕರೆದಳು. ಡಾಕ್ಟರ ಮೇಲೆ ಅವಳಿಗೂ ಏನೋ ಹಳೆಯ ಕಿಚ್ಚಿದ್ದಂತಿತ್ತು.

ಪಟ್ಟಿಯಲ್ಲಿ ಎರಡು ಗೆರೆ. ಒಂದು ಇತ್ತೀಚಿನದು, ಎತ್ತರಕ್ಕೆ ಜಿಗಿದು ಜಿಗಿದು ಬೀಳುವುದು. ಇನ್ನೊಂದು ಮಾಮೂಲಿ ವಾರದ್ದು; ಅದು ಕೆರೆಯ ನೀರಿನಷ್ಟು ಸಮ.

"ಈ ವಾರ ನೀವು ಒಮ್ಮಿನೂ ಸಿಟ್ಟಾಗಿಲ್ಲ ನೋಡ್ರಿ. ಇದಕ್ಕ ಹೋಲಿಸಿದ್ರ ಈಗಿನದು ಹತ್ತು ಪಟ್ಟು."

"ಯಾವ ವಾರ ಅದು?"

ಫರ್ಜಾನಾ ತಾರೀಖು ಓದಿದಳು. ಕಸ್ತೂರಿ ಬೆರಳು ಮಡಚಿ ಎಣಿಸಿದಳು. ಶ್ರಾವಣ. ನಾಗರ ಪಂಚಮಿ.

"ಯವ್ವಾ, ಆ ವಾರ ನಾ ತವರಮನ್ಯಾಗ ಇದ್ದೆ" ಎಂದಳು. "ಜೋಕಾಲಿ ಆಡಿದೆ. ಉಂಡಿ ತಿಂದೆ. ಒಂದು ತಾಟು ತೊಳೀಲಿಲ್ಲ."

ಫರ್ಜಾನಾ ಉಳಿದವರ ಪಟ್ಟಿಗಳನ್ನೂ ತೆರೆದಳು. ಮದ್ದಿನ ಶಿಬಿರ ನಡೆದದ್ದೇ ಶ್ರಾವಣದಲ್ಲಿ. ಬಿಲ್ಲೆ ಅಂಟಿಸಿಕೊಂಡ ಸೊಸೆಯಂದಿರೆಲ್ಲ ಮರುದಿನ ಬ್ಯಾಗು ಹಿಡಿದು ತವರಿನ ಬಸ್ಸು ಹತ್ತಿದ್ದರು. ಅವಳು ಹುಡುಕಿ ಎಣಿಸಿದಳು: ನೂರಾ ಹನ್ನೊಂದು ಜನ. ನೂರಾ ಹನ್ನೊಂದು ಹೆಂಗಸರ ಮಾಮೂಲಿ ಎಂದರೆ ತವರುಮನೆ. ಗಂಡನ ಮನೆಯಲ್ಲಿ ಬಾಯಿ ತೆರೆದದ್ದೆಲ್ಲ ಅಡ್ಡಪರಿಣಾಮ. ವರ್ಷದಲ್ಲಿ ಒಂದು ವಾರ ಸಿಗುವ ಸುಖವನ್ನು ಅಳತೆಗೋಲು ಮಾಡಿ, ಮಿಕ್ಕ ದಿನಗಳ ಬಾಳನ್ನು ರೋಗ ಎಂದು ಬರೆದಿದ್ದರು, ಅದೂ ಕಂಪ್ಯೂಟರಿನಲ್ಲಿ.

"ಮತ್ತೊಮ್ಮಿ ಮಾಮೂಲಿ ವಾರ ಮಾಡ್ಸು" ಎಂದಳು ಕಸ್ತೂರಿ. "ನನ್ನ ಮನ್ಯಾಗ."

*

ಡಾಕ್ಟರು ಒಪ್ಪಲಿಲ್ಲ. ಮದ್ದು ಈಗ ಮೈಯಲ್ಲಿದೆ. ಕಾಣುವ ಸಿಟ್ಟು ಅವಳದೋ ಮದ್ದಿನದೋ ಹೇಗೆ ತಿಳಿಯುವುದು? ಪ್ರಶ್ನೆ ತಪ್ಪಲ್ಲ. ಮದ್ದಿನ ಸಿಟ್ಟು ನಿದ್ದೆಯಲ್ಲೂ ಇಳಿಯುವುದಿಲ್ಲ, ಇವಳದು ತಲೆ ದಿಂಬಿಗೆ ತಾಗಿದೊಡನೆ ಇಳಿಯುತ್ತದೆ ಎಂದು ಫರ್ಜಾನಾ ಪಟ್ಟಿ ತೋರಿಸಿದಳು. ಅದೂ ಸಾಲದು, ಮದ್ದಿಗೆ ಮೊದಲೂ ಇವಳಿಗೆ ಈ ಸಿಟ್ಟಿತ್ತು ಎಂದು ಮನೆಯವರೊಬ್ಬರು ಹೇಳಬೇಕು ಎಂದರು ಡಾಕ್ಟರು.

ಗಂಡ ಹೇಳುವುದಿಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಓಣಿಯ ಜನ ಇವರ ಮನೆಯ ಕೂಗಾಟ ಕೇಳಿ, ಏನು ಮಾಡ್ಯಾನ ಇಂವ ಅಂತ ಅವನ ಮುಖ ನೋಡುತ್ತಿದ್ದರು. ಈಗ ಅವನ ಕೈಯಲ್ಲಿ ಡಾಕ್ಟರ ಕಾಗದ ಬಂದಿತ್ತು: ತಪ್ಪು ಮದ್ದಿನದು. ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದನ್ನು ತೋರಿಸಿ ನಿಟ್ಟುಸಿರು ಬಿಟ್ಟು ಬಂದಿದ್ದ ಮಹಾರಾಯ.

ಹಾಗಾಗಿ ಅವಳು ಅತ್ತೆಯನ್ನು ಕರೆದುಕೊಂಡು ಹೋದಳು. ಡಾಕ್ಟರು ನನ್ನ ಸಿಟ್ಟಿನ ಬಗ್ಗೆ ನಿಮ್ಮನ್ನ ಕೇಳಬೇಕಂತ ಅತ್ತಿ, ಎಂದಷ್ಟೇ ಹೇಳಿದಳು. ಬಾಳವ್ವ ಹೊಸ ಇಲಕಲ್ ಸೀರೆ ಉಟ್ಟು ಹೊರಟಳು.

"ಹೇಳ್ರಿ ಅಜ್ಜಿ, ನಿಮ್ಮ ಸೊಸಿ ಮದ್ದು ತಗೊಳ್ಳಾಕ ಹತ್ತಿದ ಮ್ಯಾಲ ಸಿಟ್ಟಾಗ್ತಾರೋ, ಮೊದಲಿಂದನೂ ಹಂಗೋ?"

"ಮದ್ದೇನ್ ಮಾಡ್ತೈತ್ರಿ ಪಾಪ" ಎಂದಳು ಬಾಳವ್ವ, ಸೆರಗು ಸರಿಮಾಡಿಕೊಂಡು. "ಈಕಿ ಮನಿ ತುಂಬಿಸಿಕೊಂಡ ದಿನದಿಂದ ಹಿಂಗ. ಬಂದ ನಾಲ್ಕನೇ ದಿನಕ್ಕ ನನ್ನ ಮುಂದ ಕೊಡ ಕುಕ್ಕಿದ್ಲು. ಅವರಪ್ಪಗ ನಾ ಅವಾಗ ಹೇಳಿ ಕಳಿಸೇನಿ. ಹದಿನಾಕು ವರ್ಷಾತ್ರಿ, ಒಂದು ದಿನ ಬಾಯಿ ಮುಚ್ಚಿಲ್ಲ." ಆಮೇಲೆ ಅರ್ಧ ಗಂಟೆ ನಿಲ್ಲಲಿಲ್ಲ. ತಾರೀಖು, ಹಬ್ಬ, ಯಾವ ಮಾತಿಗೆ ಯಾವ ಮಾತು, ಎಲ್ಲ ಬಂತು. ಫರ್ಜಾನಾ ಎಲ್ಲವನ್ನೂ ಟೈಪು ಮಾಡಿದಳು.

ಜನ್ಮದಲ್ಲಿ ಅತ್ತೆ ತನಗೆ ಮಾಡಿದ ಉಪಕಾರ ಇದೊಂದೇ ಎಂದುಕೊಂಡಳು ಕಸ್ತೂರಿ. ಅದನ್ನೂ ಬೈದೇ ಮಾಡಿದಳು.

ಡಾಕ್ಟರು ಮುಖ ಸಿಂಡರಿಸಿ ಸಹಿ ಹಾಕಿದರು. ಷರತ್ತು ಹೀಗೆ: ಏಳು ದಿನ ಮದ್ದು ಪೂರ್ತಿ ಅಳತೆಯಲ್ಲಿ ಹರಿಯುತ್ತದೆ, ಬಿಲ್ಲೆ ಬರಿದೇ ಕೇಳುತ್ತದೆ, ಕೆಂಪು ಗುಂಡಿ ಬಂದ್. ಮಾಮೂಲಿ ಎನ್ನಿಸಬೇಕಾದರೆ ಸಿಟ್ಟು ದಿನಕ್ಕೊಮ್ಮೆಯಾದರೂ ದಾಖಲಾಗಬೇಕು. ಒಂದು ದಿನ ತಪ್ಪಿದರೂ ಹಳೆಯ ಪಟ್ಟಿಯೇ ಖಾಯಂ, ಎಂಟನೆಯ ದಿನದಿಂದ ಶಮನಿ.

"ನಾಟಕ ಮಾಡಿದ್ರ ನಡ್ಯಂಗಿಲ್ರಿ ಅಕ್ಕಾರ" ಎಂದಳು ಫರ್ಜಾನಾ ಬೀಳ್ಕೊಡುವಾಗ. "ಬಿಲ್ಲೆ ಬರೇ ದನಿ ಕೇಳಂಗಿಲ್ಲ. ನಾಡಿ, ಬೆವರು ಎರಡೂ ಹೂಂ ಅನ್ನಬೇಕು."

"ನನ್ನ ಮನ್ಯಾಗ ನಾಟಕ ಯಾಕ ಬೇಕವ್ವಾ" ಎಂದಳು ಕಸ್ತೂರಿ.

*

ಆರು ದಿನ ಏನೂ ಕಷ್ಟವಾಗಲಿಲ್ಲ. ಶಿವಯೋಗಿ ಶಿವಯೋಗಿಯಾಗಿಯೇ ಇದ್ದ. ಮೊದಲ ದಿನ ಒದ್ದೆ ಟವೆಲು ಹಾಸಿಗೆಯ ಮೇಲೆ. ಎರಡನೆಯ ದಿನ, ಮುನ್ನೂರು ರೊಟ್ಟಿ ಈಗ ನಾನೂರಾಗಿದೆ ಎಂಬ ಸುದ್ದಿ. ಮೂರನೆಯ ದಿನ, ಸುಟ್ಟ ಕೈ ನೋಡಲು ಬಂದವರಿಗೆ "ಆಕಿಗೆ ಸ್ವಲ್ಪ ತಲಿ ಸರಿಯಿಲ್ಲ, ಮದ್ದು" ಎಂದು ಪಿಸುಗುಟ್ಟಿದ್ದು ಅಡುಗೆಮನೆಗೂ ಕೇಳಿಸಿತು. ನಾಲ್ಕು, ಐದು, ಆರು ಹೇಳುವುದೇ ಬೇಡ. ಮದ್ದು ಪೂರ್ತಿ ಹರಿಯುತ್ತಿತ್ತು; ಕೂಗಿದಳು, ಬೈದಳು, ಚರಿಗೆ ಎಸೆದಳು, ಫಿಟ್ಸ್ ಬರಲಿಲ್ಲ. ಸಿಟ್ಟು ಬಂದ ಮೇಲೂ ಮೈ ನೆಟ್ಟಗೆ ನಿಲ್ಲುತ್ತದೆ ಎಂಬ ಸುಖ ಅವಳಿಗೆ ಮರೆತೇ ಹೋಗಿತ್ತು. ದಿನವೂ ಸಂಜೆ ಫರ್ಜಾನಾ ಫೋನು ಮಾಡಿ, "ಬಂತ್ರಿ ಇವತ್ತಿಂದು" ಎನ್ನುತ್ತಿದ್ದಳು.

ಆರನೆಯ ಸಂಜೆ ಶಿವಯೋಗಿಯ ಮೊಬೈಲಿಗೆ ಹುಬ್ಬಳ್ಳಿ ಕೇಂದ್ರದಿಂದ ಸಂದೇಶ ಬಂತು. ರೋಗಿಯ ಆರೈಕೆದಾರರಿಗೆ ತಿಳಿಸುವುದು ನಿಯಮವಂತೆ. ನಾಳೆ ಸಂಜೆ ಆರಕ್ಕೆ ವಾರ ಮುಗಿಯುತ್ತದೆ, ನಾಳೆ ಸಿಟ್ಟು ದಾಖಲಾಗದಿದ್ದರೆ ಹಳೆಯ ಪಟ್ಟಿ ಖಾಯಂ. ಅವನು ಅದನ್ನು ಎರಡು ಸಲ ಓದಿದ್ದನ್ನು ಕಸ್ತೂರಿ ನೋಡಿದಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳ ಕಡೆ ನೋಡಿ ನಕ್ಕ.

ಮುಂಜಾನೆ ಅವಳು ಏಳುವಷ್ಟರಲ್ಲಿ ಅಂಗಳ ಕಸ ಗುಡಿಸಿತ್ತು. ಹಾಸಿಗೆ ಮಡಚಿತ್ತು. ಶಿವಯೋಗಿ ಶುಂಠಿ ಹಾಕಿದ ಚಾ ತಂದು ಅವಳ ಕೈಗೆ ಕೊಟ್ಟ. ಮದುವೆಯಾದಾಗಿನಿಂದ ಅವನು ಒಲೆಯ ಹತ್ತಿರ ಸುಳಿದದ್ದು ಬೀಡಿ ಹಚ್ಚಲು ಮಾತ್ರ. ಆಮೇಲೆ ಅವಳೆದುರಿಗೇ ಕಾಕಾನ ಮಗನಿಗೆ ಫೋನು ಹಚ್ಚಿದ.

"ಆಗಂಗಿಲ್ಲಪ್ಪಾ. ಆಕಿ ಕೈ ಸುಟ್ಟೈತಿ. ನಾ ಆಕಿನ್ನ ಕೇಳಲಾರದ ಒಪ್ಪಿಕೊಂಡಿದ್ದು ತಪ್ಪಾತು."

ಈ ಒಂದು ಮಾತಿಗಾಗಿ ಅವಳು ಹದಿನಾಲ್ಕು ವರ್ಷ ಕಾದಿದ್ದಳು. ಅದು ಕಪಟ ಎಂದು ಗೊತ್ತಿದ್ದೂ, ಯಾಕೆ ಹೇಳುತ್ತಿದ್ದಾನೆ ಎಂದು ನಿಚ್ಚಳವಾಗಿ ಗೊತ್ತಿದ್ದೂ, ಕಣ್ಣು ತುಂಬಿ ಬಂತು. ಇಂಥ ಬಾಳು, ಸುಳ್ಳು ಒಳ್ಳೆಯ ಮಾತಿಗೂ ಕರಗುವಷ್ಟು ಬರಗೆಟ್ಟ ಬಾಳು. ಅವನು ಅವಳ ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚಿದ. ಬೆರಳು ಮೆತ್ತಗಿದ್ದವು. ಅವಳಿಗೆ ನಿದ್ದೆ ಬಂದಂತಾಯಿತು.

ಮಧ್ಯಾಹ್ನವಾಯಿತು. ಸಿಟ್ಟು ಬಾ ಎಂದರೆ ಬರುವ ನಾಯಿಯಲ್ಲ. ಮೂಲೆಯಲ್ಲಿ ಕುಳಿತು ಹಳೆಯದೆಲ್ಲ ನೆನೆದಳು. ನೆನೆದದ್ದೆಲ್ಲ ಯಾರೋ ಬೇರೆಯವರ ಕಥೆಯ ಹಾಗೆ ಕೇಳಿಸಿತು. ರೊಟ್ಟಿ ಕೇಂದ್ರದ ಹೆಂಗಸರಿಗೆ ವಿಷಯ ತಿಳಿದಿತ್ತು. ಅವರಲ್ಲಿ ಹಿರಿಯಳಾದ ಹನುಮವ್ವ ಸೆರಗು ಸಿಕ್ಕಿಸಿ ಎದುರು ನಿಂತು, ಕಸ್ತೂರಿಯ ತವರನ್ನೂ ಅಪ್ಪನನ್ನೂ ಹಿಡಿದು ಬಾಯಿಗೆ ಬಂದಂತೆ ಬೈದಳು. ಅರ್ಧಕ್ಕೆ ಇಬ್ಬರಿಗೂ ನಗು ಬಂದುಬಿಟ್ಟಿತು. ಕೊನೆಗೆ ಕಸ್ತೂರಿ ಗೋಡೆಗೆ ಚರಿಗೆ ಎಸೆದು ಕಿರುಚಿದಳು. ಎರಡು ನಿಮಿಷಕ್ಕೆ ಫರ್ಜಾನಾಳ ಫೋನು.

"ಅಕ್ಕಾರ, ಇದು ಎಣಿಕಿಗೆ ಬರಂಗಿಲ್ರಿ. ನಾಡಿ ಅರವತ್ತೆಂಟು ಐತಿ. ಡಾಕ್ಟರು ಶಮನಿ ಆರ್ಡರ್ ತೆಗೆದು ಇಟ್ಟಾರ. ಆರಕ್ಕ ಗುಂಡಿ ಒತ್ತತಾರ."

ಐದು ಗಂಟೆಗೆ ಕಸ್ತೂರಿ ಸೋತಳು. ಸುಗಂಧಾಬಾಯಿಯ ಪಕ್ಕದಲ್ಲಿ ತನಗೊಂದು ಮಣೆ ಎಂದುಕೊಂಡಳು. ಹಾಲು ಉಕ್ಕಿದರೆ ಉಕ್ಕಲಿ. ಅಳುವೂ ಬರಲಿಲ್ಲ. ಅಡುಗೆಮನೆಯ ಹೊಸ್ತಿಲಿಗೆ ಬಂದು ಚೌಕಟ್ಟಿಗೆ ಒರಗಿ ಕುಳಿತಳು.

ಒಳಗೆ ಶಿವಯೋಗಿ ಒಲೆಯ ಮುಂದೆ ಕುಳಿತಿದ್ದ. ಕೆಲಸ ಪೂರ್ತಿ ಮುಗಿಸಬೇಕೆಂದು ಇದ್ದಿರಬೇಕು, ಕ್ಲರ್ಕಲ್ಲವೇ. ಎಸರು ಹೊಯ್ದು ಜೋಳದ ಹಿಟ್ಟು ನಾದಿದ್ದ. ಮುದ್ದೆ ಹಿಡಿದು, ಅಂಗೈಯಲ್ಲಿ ಒತ್ತಿ, ಹಿಟ್ಟು ಉದುರಿಸಿ ಬಡಿಯತೊಡಗಿದ. ಪಟ್, ಪಟ್, ಪಟ್. ರೊಟ್ಟಿ ತಾನೇ ತಿರುಗುತ್ತ ಅಗಲವಾಯಿತು. ಅಂಚು ಒಡೆಯಲಿಲ್ಲ. ನೆಲದ ಹಿಟ್ಟು ಕಾಣುವಷ್ಟು ತೆಳ್ಳಗೆ ಮಾಡಿ ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದ. ಉಬ್ಬಿತು. ಕಸ್ತೂರಿಯ ಕೇಂದ್ರದಲ್ಲಿ ಇಷ್ಟು ಚೆಂದ ಬಡಿಯುವವರು ಇಬ್ಬರೇ.

"ನೋಡು, ಕೈ ಇನ್ನೂ ಮರತಿಲ್ಲ" ಎಂದು ಬಾಳವ್ವ ಹಿಂದಿನಿಂದ ಹಿಗ್ಗಿದಳು. "ನನಗ ಹೆಣ್ಣಮಕ್ಕಳು ಎಲ್ಲಿದ್ರು? ಹತ್ತು ವರ್ಷದಾಂವ ಇದ್ದಾಗಿಂದ ಇವನ ಬಡದು ಹಾಕತಿದ್ದ. ಮದುವಿ ಗೊತ್ತಾದ ಮ್ಯಾಲ ನಾನ ಬಿಡಿಸಿದೆ. ಸೊಸಿ ನೋಡಿದ್ಲಂದ್ರ ಮುಗೀತು, ಜಲ್ಮಪೂರ್ತಿ ಇವನ ಕೈಲೆ ಬಡಸ್ತಾಳ ಅಂತ."

ಶಿವಯೋಗಿ ತಾಯಿಯನ್ನು ಕಣ್ಣಿನಲ್ಲೇ ಗದರಿದ. ತಡವಾಗಿತ್ತು.

ಕಸ್ತೂರಿ ರೊಟ್ಟಿಯನ್ನು ನೋಡಿದಳು. ಆರು ವರ್ಷದ ಹಿಂದೆ ಅವಳಿಗೆ ಚಿಕೂನ್‌ಗುನ್ಯಾ ಬಂದಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ, ಹಣೆಗೆ ಕುಂಕುಮ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅವನು ಮಠಕ್ಕೆ ಇನ್ನೂರು ರೊಟ್ಟಿ ಒಪ್ಪಿಕೊಂಡು ಬಂದಿದ್ದ. ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದು ಬಡಿತಕ್ಕೂ ಹಲ್ಲು ಕಚ್ಚಿ ಅಳುತ್ತ ಬಡಿದಿದ್ದಳು. ಅವನು ಇದೇ ಹೊಸ್ತಿಲ ಮೇಲೆ, ಈಗ ಅವಳು ಕುಳಿತಲ್ಲೇ ಕುಳಿತು, ಮಮತೆಯಿಂದ ಹೇಳಿದ್ದ: ನನಗ ಬರೂದಿಲ್ಲ ನೋಡು ಕಸ್ತೂರಿ, ಬಂದಿದ್ರ ನಾನ ಬಡದು ಕೊಡತಿದ್ದೆ. ಆ ಮಾತಿಗೆ ಅವಳು ಅವನನ್ನು ಅಂದು ಕ್ಷಮಿಸಿದ್ದಳು. ಹದಿನಾಲ್ಕು ವರ್ಷದಲ್ಲಿ ಅವಳು ಜೋಪಾನ ಮಾಡಿಟ್ಟುಕೊಂಡ ಒಂದೇ ಒಳ್ಳೆಯ ಮಾತು ಅದು.

ಅವಳು ಎದ್ದು ನಿಂತಳು. ಕೂಗಲಿಲ್ಲ.

"ನಿನಗ ಬರತಿತ್ತು" ಎಂದಳು.

ಗಂಡನಿಗೆ ಅವಳು ಏಕವಚನ ಆಡಿದ್ದು ಅದೇ ಮೊದಲು. ಶಿವಯೋಗಿಯ ಕೈಯಲ್ಲಿ ಹಿಟ್ಟಿನ ಮುದ್ದೆ ಹಾಗೇ ನಿಂತಿತು. ಬಾಳವ್ವ ಗೋಡೆಗೆ ಸರಿದಳು. ಕಸ್ತೂರಿಯ ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು, ಹಣೆಯಿಂದ ಬೆವರು ಹನಿಯುತ್ತಿತ್ತು, ಆದರೆ ದನಿ ತಣ್ಣಗಿತ್ತು, ಮತ್ತು ಆ ತಣ್ಣನೆಯ ದನಿಯಲ್ಲಿ ಅವಳು ಮೊದಲ ವರ್ಷದ ಮೊದಲ ರೊಟ್ಟಿಯಿಂದ ಶುರು ಮಾಡಿದಳು. ಮಾತಾಡುತ್ತ ಆಡುತ್ತ ಅವನ ಹತ್ತಿರ ಬಂದಳು. ಅವನು ಹಿಂದೆ ಸರಿಯುತ್ತ ಸರಿಯುತ್ತ ಹಿಟ್ಟಿನ ಡಬ್ಬಿಗೆ ತಾಗಿ ನಿಂತ.

ಮೂರನೆಯ ವರ್ಷಕ್ಕೆ ಬಂದಿದ್ದಾಗ ಫೋನು ಹೊಡೆದುಕೊಂಡಿತು. ಅವನ ಮುಖದಿಂದ ಕಣ್ಣು ತೆಗೆಯದೆ ಎತ್ತಿ ಕಿವಿಗಿಟ್ಟುಕೊಂಡಳು.

"ಅಕ್ಕಾರ, ಬಂತ್ರಿ" ಫರ್ಜಾನಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನಾಡಿ ನೂರಾ ನಲವತ್ತೈದು. ಡಾಕ್ಟರು ಎದ್ದು ನಿಂತು ನೋಡಾಕತ್ಯಾರ. ಮಾಮೂಲಿ ಅಂತ ನಾನ ಬರದೆ. ಶಮನಿ ಆರ್ಡರ್ ರದ್ದಾತು. ಇನ್ನ ಸಾಕ್ರಿ, ನಿಲ್ಲಿಸಬಹುದು."

"ಇನ್ನೂ ಹನ್ನೊಂದು ವರ್ಷ ಉಳದಾವವ್ವಾ" ಎಂದಳು ಕಸ್ತೂರಿ. "ಫೋನ್ ಇಡು."